ಮಳೆಗಾಲದ ಕರೆಂಟಿಗೆ ಟರ್ಬೈನೋ ಸೋಲಾರೋ? ಹಾಕಿಸಿದವರು ಹೇಳಿ

ಕೊಪ್ಪದ ಹುಡುಗ: ನಮ್ಮದು ಕೊಪ್ಪ ತಾಲೂಕಿನ ಒಳಗಿನ ಊರು, 11 ಮನೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ವಾರಗಟ್ಟಲೆ ಕತ್ತಲೆ. ಗುಡ್ಡದಿಂದ ಇಳಿಯುವ ಹಳ್ಳದಲ್ಲಿ ಜನವರಿವರೆಗೆ ನೀರಿರುತ್ತದೆ. ಎಲ್ಲರೂ ಸೇರಿ ಆ ನೀರಿನಿಂದ ಕರೆಂಟ್ ತೆಗೆಯುವ ಒಂದು ಟರ್ಬೈನ್ ಹಾಕಿಸೋಣ ಅಂತ ಕೆಲವರು, ಮನೆಮನೆಗೆ ಸೋಲಾರ್ ಸಾಕು ಅಂತ ಕೆಲವರು. ಹಾಕಿಸಿದವರು ಖರ್ಚಿನ ಸಮೇತ ಹೇಳಿ.

ಚಾರ್ಮಾಡಿ ಬುಡ: ಟರ್ಬೈನೇ ಹಾಕಿ. ನಮ್ಮಲ್ಲಿ ನೀರು ಬೀಳುವ ಎತ್ತರ 40 ಮೀಟರ್, ಸೆಕೆಂಡಿಗೆ 6 ಲೀಟರ್. ಲೆಕ್ಕದ ಪ್ರಕಾರ 2.3 ಕಿಲೋವ್ಯಾಟ್ ಬರಬೇಕು. ಪೈಪು, ಚಕ್ರ, ಡೈನಮೋ ಎಲ್ಲ ತಿಂದು ಕೈಗೆ ಸಿಗುವುದು ಹತ್ತಿರ ಹತ್ತಿರ ಅರ್ಧ, 1 ಕಿಲೋವ್ಯಾಟ್ ಅನ್ನಿ. ಆದರೆ ಅದು ಹಗಲೂ ರಾತ್ರಿ ಬರುತ್ತದೆ. ದಿನಕ್ಕೆ 24 ಯೂನಿಟ್! ಉಳಿದ ಕರೆಂಟ್ ಹೀಟರಿಗೆ ಹೋಗುತ್ತದೆ, ಬಚ್ಚಲಲ್ಲಿ ಯಾವಾಗಲೂ ಬಿಸಿನೀರು.

ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿಗೇ 52 ಸಾವಿರ ಆಯಿತು. ಮಷೀನು, ಕಂಟ್ರೋಲರ್ ಸೇರಿ 1.35 ಲಕ್ಷ. ಟರ್ಬೈನ್ ಕೆಳಗೆ, ಮನೆ ಮೇಲೆ. ಅದಕ್ಕೆ ವೈರಿಗೆ 28 ಸಾವಿರ ಹೋಯಿತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮೊದಲ ಮಳೆಗೆ ಬರುವ ಎಲೆ ಪೈಪಿನ ಬಾಯಿಯ ಜಾಲರಿಗೆ ಕಟ್ಟಿಕೊಂಡರೆ ರಾತ್ರಿಯೇ ಟಾರ್ಚ್ ಹಿಡಿದು ಹತ್ತಬೇಕು. ಮರಳು ಬಂದರೆ ಚಕ್ರಕ್ಕೆ ನೀರು ಚಿಮ್ಮಿಸುವ ಜೆಟ್ ಸವೆಯುತ್ತದೆ. ಬೇರಿಂಗ್ ಪ್ರತಿ ವರ್ಷ. ಒಂದು ಸಲ ಹೀಟರ್ ಕಾಯಿಲ್ ತುಂಡಾಗಿ ಲೋಡ್ ಇಲ್ಲದೆ ಚಕ್ರ ಓಡಿತು, ವೋಲ್ಟೇಜ್ ಏರಿ ಟಿವಿ, ಫ್ರಿಜ್ಜಿನ ಬೋರ್ಡು, ಬಲ್ಬು ಎಲ್ಲ ಸುಟ್ಟವು. 31 ಸಾವಿರ. ಆದರೂ ಊರಿಗೇ ಕತ್ತಲೆ ಇರುವಾಗ ನಮ್ಮನೆಯಲ್ಲಿ ಗ್ರೈಂಡರ್ ತಿರುಗುತ್ತದೆ.

ಶಿರಸಿ ಸೀಮೆ: ನಿಮ್ಮದು ಒಂದೇ ಮನೆ ಸ್ವಾಮಿ. 1 ಕಿಲೋವ್ಯಾಟನ್ನು 11 ಮನೆಗೆ ಹಂಚಿದರೆ ಮನೆಗೆ 90 ವ್ಯಾಟ್. ನಾವು 6 ಮನೆಯವರು ಸೇರಿ ಹಾಕಿಸಿದ್ದೆವು. ಮನೆಗೆ 150 ವ್ಯಾಟ್ ಅಂತ ಮಾತಾಗಿತ್ತು. ಒಬ್ಬರು ಇಸ್ತ್ರಿ ಪೆಟ್ಟಿಗೆ ಹಾಕಿದರು, ಎಲ್ಲರ ಮನೆಯಲ್ಲಿ ದೀಪ ಮಂಕು. ಕೇಳಿದ್ದಕ್ಕೆ ‘ಪೈಪು ಹೋಗಿರುವುದು ನಮ್ಮ ತೋಟದಲ್ಲಿ’ ಅಂದರು. ಕಸ ತೆಗೆಯುವ ಪಾಳಿ ಒಂದು ಮಳೆಗಾಲ ನಡೆಯಿತು, ಆಮೇಲೆ ನಾನೊಬ್ಬನೇ. ಡೈನಮೋ ವೈಂಡಿಂಗ್ ಸುಟ್ಟಾಗ 14 ಸಾವಿರ ಬಂತು, ಮೂರು ಮನೆಯವರು ಇವತ್ತಿಗೂ ಕೊಟ್ಟಿಲ್ಲ. ಮಷೀನು ಈಗ ನಮ್ಮ ಕೊಟ್ಟಿಗೆ ಅಟ್ಟದಲ್ಲಿದೆ.

ಅದಾದ ಮೇಲೆ ಸೋಲಾರ್. ಟ್ಯೂಬ್ಯುಲರ್ ಬ್ಯಾಟರಿ 4, 62 ಸಾವಿರ ಕೊಟ್ಟಿದ್ದು. ತಪ್ಪದೆ ಡಿಸ್ಟಿಲ್ಡ್ ವಾಟರ್ ಹಾಕಿದರೂ 4 ವರ್ಷ ತುಂಬಲಿಲ್ಲ. ಈಗ ಲಿಥಿಯಂ, 1.1 ಲಕ್ಷ. ಪ್ಯಾನೆಲ್ ಮೇಲೆ ಪಾಚಿ ಹಿಡಿಯುತ್ತದೆ, ಉಜ್ಜಬೇಕು. ಜುಲೈಯಲ್ಲಿ ಬೇಸಿಗೆಯ ಕಾಲು ಭಾಗವೂ ಬರುವುದಿಲ್ಲ, ನಿಜ. ದೀಪ, ಮೊಬೈಲು, ಫ್ಯಾನಿಗೆ ಸಾಕು. ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ.

ಚಾರ್ಮಾಡಿ ಬುಡ: ಕರೆಂಟ್ ಬೇಕಾಗುವುದೇ ಜುಲೈಯಲ್ಲಿ ಅಲ್ವಾ? ಆಗ ಬರದ ಕರೆಂಟಿಗೆ ಅಷ್ಟು ದುಡ್ಡು ಸುರಿದು ಬೇರೆಯವರಿಗೂ ಅದನ್ನೇ ಹೇಳಬೇಡಿ. ನಿಮ್ಮ ಊರವರು ಸರಿ ಇಲ್ಲದಿದ್ದರೆ ಅದು ಟರ್ಬೈನಿನ ತಪ್ಪಲ್ಲ.

ಶಿರಸಿ ಸೀಮೆ: ನಮ್ಮ ಊರವರ ಸುದ್ದಿಗೆ ಬರಬೇಡಿ. ಟರ್ಬೈನಿನ ಸಾಲಕ್ಕೆ ಸಹಿ ಹಾಕಿದವನು ನಾನು.

ತೀರ್ಥಹಳ್ಳಿ ತೋಟ: ನನ್ನದೂ ಕೇಳಿ. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಲೈನಿಗೆ ಜೋಡಿಸುವ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ. 1.95 ಲಕ್ಷ, 78 ಸಾವಿರ ಸಬ್ಸಿಡಿ ಬಂತು. ಲೈನ್ ಹೋದರೆ ಇದೂ ಬಂದ್! ಬಿಸಿಲು ಸುರಿಯುತ್ತಿದ್ದರೂ ಬಂದ್. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆ ಕರೆಂಟ್ ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ನಿಲ್ಲುತ್ತದೆ. ಹಾಕಿದವರು ಈ ವಿಷಯ ಬಾಯೇ ಬಿಟ್ಟಿರಲಿಲ್ಲ. ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕಂತೆ, ಅದಕ್ಕೆ ಇನ್ನೊಂದು ಲಕ್ಷದ ಮೇಲೆ.

ಹಾಸನದವ: 200 ಯೂನಿಟ್‌ವರೆಗೆ ಗೃಹಜ್ಯೋತಿ ಇದೆ. 2023ರಿಂದ ನಾನು ಬಿಲ್ಲೇ ಕಟ್ಟಿಲ್ಲ. ಇಷ್ಟೆಲ್ಲ ಯಾಕೆ?

ತೀರ್ಥಹಳ್ಳಿ ತೋಟ: ಲೈನ್ ಕಾಡಿನಲ್ಲಿ ಬಿದ್ದಿರುವಾಗ ಫ್ರೀ ಇದ್ದರೇನು, ದುಡ್ಡಿಗಿದ್ದರೇನು? ನಮ್ಮ ತಾಯಿಗೆ ರಾತ್ರಿ ನೆಬ್ಯುಲೈಸರ್ ಬೇಕು. ಬಯಲಲ್ಲಿ ಕೂತು ಮಲೆನಾಡಿನ ಮಾತು ಆಡಬೇಡಿ.

ಕುಣಿಗಲ್ ಮೇಷ್ಟ್ರು: ಜಗಳ ಬಿಡಿ. ನಮ್ಮ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಇದೆಲ್ಲ ಆಗಿಹೋಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿಯವರ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ತಂಡ ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಕಟ್ಟಿತ್ತು. ಮೊದಲು ಅಡುಗೆಗೆ ಅಂತ ಹೊರಟಿದ್ದು. ಅಷ್ಟು ಸಗಣಿ ಊರಲ್ಲೇ ಇರಲಿಲ್ಲ, ನಿಂತಿತು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ದೀಪ ಕೊಟ್ಟರು, ಬೋರ್‌ವೆಲ್ ನೀರನ್ನು ನಲ್ಲಿಗೆ ತಂದರು. ಯಾರು ಎಷ್ಟು ಸಗಣಿ ತಂದರೋ ತೂಕ ಹಾಕಿ ಬರೆದು, ಅಷ್ಟಕ್ಕೆ ತಕ್ಕ ಗೊಬ್ಬರ ವಾಪಸ್ಸು ಕೊಡುತ್ತಿದ್ದರು. ಜನ ಹಿಡಿದುಕೊಂಡಿದ್ದು ಕುಡಿಯುವ ನೀರಿಗಾಗಿ. ನಿಮ್ಮ 11 ಮನೆಗೂ ಕರೆಂಟಿನ ಜೊತೆ ಎಲ್ಲರಿಗೂ ಬೇಕಾದ ಇನ್ನೊಂದು ಕೆಲಸ ಹುಡುಕಿ. ಹಿಟ್ಟಿನ ಗಿರಣಿಯೋ ಏನೋ. ಪುಸ್ತಕದಲ್ಲಿ ಲೆಕ್ಕ ಬರೆಯಿರಿ.

ಶಿರಸಿ ಸೀಮೆ: ಮೇಷ್ಟ್ರೇ, ಅದೂ ಕೊನೆಗೆ ನಿಂತೇ ಹೋಯಿತು. ಅದನ್ನೂ ಹೇಳಿ.

ಕುಣಿಗಲ್ ಮೇಷ್ಟ್ರು: ವರ್ಷಗಟ್ಟಲೆ ನಡೆದ ಮೇಲೆ ನಿಂತಿತು. ನಿಮ್ಮದು ಒಂದೇ ಮಳೆಗಾಲಕ್ಕೆ ಎಡವಿತು. ಎರಡೂ ಒಂದೇ ಅಲ್ಲ.

ಕೆಳಗದ್ದೆ: ಹಳ್ಳದ ಕೆಳಗಿನವರನ್ನು ಯಾರಾದರೂ ಕೇಳಿದಿರಾ? ನಮ್ಮ ಮೇಲಿನ ಮನೆಯವರು ಟರ್ಬೈನ್ ಹಾಕಿ ನಮ್ಮ ಸುಗ್ಗಿ ಬೆಳೆ (ಮಳೆಗಾಲ ಕಳೆದ ಮೇಲಿನ ಎರಡನೇ ಭತ್ತ) ಒಣಗಿಸಿದರು. ಒಂದು ಎಕರೆ ಪೂರ್ತಿ.

ಚಾರ್ಮಾಡಿ ಬುಡ: ಟರ್ಬೈನ್ ನೀರು ಕುಡಿಯುವುದಿಲ್ಲ. ಚಕ್ರ ತಿರುಗಿಸಿ ಅದೇ ಹಳ್ಳಕ್ಕೆ ಬೀಳುತ್ತದೆ. ಸುಮ್ನೆ ಹೆದರಿಸಬೇಡಿ.

ಕೆಳಗದ್ದೆ: ಎಲ್ಲಿ ಬೀಳುತ್ತದೆ ಹೇಳಿ. ಪೈಪಿನ ಬಾಯಿಗೂ ಟರ್ಬೈನಿಗೂ ನಡುವೆ ಗದ್ದೆಗೆ ನೀರು ತರುವ ನಮ್ಮ ತೋಡು ಹೊರಡುತ್ತದೆ. ನೀರು ಅದನ್ನು ದಾಟಿ ಕೆಳಗೆ ಬಿದ್ದರೆ ನನಗೆ ಏನು ಉಪಯೋಗ? ಮಳೆಗಾಲದಲ್ಲಿ ಎಷ್ಟು ಬೇಕಾದರೂ ತಿರುಗಿಸಿ. ಡಿಸೆಂಬರಿನಿಂದ ಹಳ್ಳವೇ ಸಣ್ಣದಾಗುತ್ತದೆ, ಆಗ ಪೈಪಿಗೆ ಹೋದರೆ ಗದ್ದೆಗಿಲ್ಲ.

ಕೊಪ್ಪದ ಹುಡುಗ: ನಮ್ಮಲ್ಲೂ ಮಧ್ಯೆ ಎರಡು ಮನೆಯವರ ಗದ್ದೆ ಇದೆ. ಅವರು ಈ 11ರಲ್ಲಿ ಇಲ್ಲ.

ಕೆಳಗದ್ದೆ: ಹಾಗಾದರೆ ಪೈಪಿನ ರೇಟು ಆಮೇಲೆ ಕೇಳಿ. ಮೊದಲು ಆ ಎರಡು ಮನೆಗೆ ಹೋಗಿ. ಸುಗ್ಗಿ ನಾಟಿ ಆದ ಮೇಲೆ ಪೈಪಿನ ವಾಲ್ವ್ ಮುಚ್ಚುತ್ತೇವೆ ಅಂತ ಬರೆದುಕೊಡಿ.

ಚಾರ್ಮಾಡಿ ಬುಡ: ಪೂರ್ತಿ ಮುಚ್ಚಬೇಕಾಗಿಲ್ಲ. ಎರಡು ಜೆಟ್ ಇರುವ ಮಷೀನು ತಗೊಳ್ಳಲಿ, ಒಂದು ನಿಲ್ಲಿಸಿದರೆ ಅರ್ಧ ನೀರು ಗದ್ದೆಗೆ.

ಕೆಳಗದ್ದೆ: ಅರ್ಧ ಸಾಲುವುದಿಲ್ಲ. ಬಂದು ನೋಡಿ.