ಸಹಾಯ ಬೇಕು: ಅಜ್ಜನ ಟ್ರಂಕಿನಲ್ಲಿ ಸಿಕ್ಕ ಚೀನಿ ಪದಕ

ಎಲ್ಲರಿಗೂ ನಮಸ್ಕಾರ. ನಮ್ಮಜ್ಜ 1953-54ರಲ್ಲಿ ಕೊರಿಯಾಕ್ಕೆ ಹೋಗಿದ್ದ ಭಾರತೀಯ ಕಾವಲು ಪಡೆಯಲ್ಲಿ ಸಿಪಾಯಿ. ಊರಿಗೆ ಮರಳಲು ಒಪ್ಪದ ಸುಮಾರು 22,000 ಯುದ್ಧಕೈದಿಗಳನ್ನು ಕಾಯುವ ಕೆಲಸ; ಅವರಲ್ಲಿ ಚೀನೀಯರೇ ಹೆಚ್ಚು. ಆ ಕೈದಿಗಳ ವಿಚಾರ ನೋಡಿಕೊಳ್ಳುತ್ತಿದ್ದ ಆಯೋಗಕ್ಕೆ ನಮ್ಮ ಕೊಡಗಿನ ತಿಮ್ಮಯ್ಯನವರೇ ಅಧ್ಯಕ್ಷರು.

ಮೊನ್ನೆ ಅಜ್ಜನ ಟ್ರಂಕ್ ತೆಗೆದಾಗ ಉಣ್ಣೆ ಮಫ್ಲರ್ ಒಳಗೆ ಈ ಪದಕ ಸಿಕ್ಕಿತು. ಮುಂದೆ ಹಾರುವ ಪಾರಿವಾಳ, ನಾಲ್ಕು ಚೀನಿ ಅಕ್ಷರ. ಹಿಂದೆ ಸಣ್ಣ ಬರಹದ ಕೆಳಗೆ 1953.10.25. ಚೀನಿ ಸ್ವಯಂಸೇವಕ ಪಡೆ ಕೊರಿಯಾ ಯುದ್ಧದಲ್ಲಿ ಮೊದಲು ಕಾದಾಡಿದ್ದು 1950ರ ಅಕ್ಟೋಬರ್ 25ರಂದು, ಹಾಗಾಗಿ ಇದು ಅದರ ಮೂರನೇ ವರ್ಷದ ನೆನಪಿನದೇ ಇರಬೇಕು. ಒಂದು ಕಡೆ ಎನಾಮಲ್ ಚಕ್ಕೆ ಎದ್ದಿದೆ.

ಹಿಂಬದಿಯ ಬರಹ ಓದಿ ಹೇಳುವವರು ಇದ್ದೀರಾ? ಚೀನಿ ಸೈನಿಕರಿಗೆ ಕೊಟ್ಟ ಪದಕ ಭಾರತೀಯ ಸಿಪಾಯಿ ಕೈಗೆ ಹೇಗೆ ಬಂತು? ನಿಮ್ಮ ಮನೆಯಲ್ಲೂ ಕೊರಿಯಾಕ್ಕೆ ಹೋದವರಿದ್ದರೆ, ಇಂಥದ್ದು ಇದೆಯೇ ನೋಡಿ ದಯವಿಟ್ಟು. ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದರು, ತಡೆದಿದ್ದೇನೆ. ಅಜ್ಜ ಹೋಗಿ ಹನ್ನೊಂದು ವರ್ಷವಾಯ್ತು, ಕೇಳಲು ಈಗ ನೀವೇ ಇರುವುದು. ಎರಡೂ ಬದಿಯ ಫೋಟೋ ಹಾಕಿದ್ದೇನೆ.