6000 ಐಡಿ ಕೊಟ್ಟರೆ ಯೂನಿಪ್ರಾಟ್ 25 ಮಾತ್ರ ವಾಪಸ್ ಕೊಡುವುದೇಕೆ?

ಬೇಳದ ಬೈನರಿ: ಎಣ್ಣೆತಾಳೆಯ ಸುಮಾರು 6000 ರೆಫ್‌ಸೆಕ್ (ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಸಂಗ್ರಹ) ಪ್ರೋಟೀನ್ ಐಡಿ ಉಂಟು. ಅವನ್ನು ಯೂನಿಪ್ರಾಟ್ ಎಂಬ ಪ್ರೋಟೀನ್ ಮಾಹಿತಿಕೋಶದ ಐಡಿಗೆ ಬದಲಿಸಿ (ಮ್ಯಾಪಿಂಗ್), ಅಲ್ಲಿಂದ ಯುರೋಪಿನ ಇಬಿಐ ಸಂಸ್ಥೆಯ ಇಂಟರ್‌ಪ್ರೊಸ್ಕ್ಯಾನ್ ಸರ್ವಿಸ್‌ಗೆ (ಪ್ರೋಟೀನಿನ ಡೊಮೇನ್, ಅಂದರೆ ಅದರೊಳಗಿನ ವಿಶಿಷ್ಟ ಭಾಗಗಳನ್ನು ಗುರುತಿಸುವ ಸಾಧನ) ದಾಟಿಸಬೇಕು. ಆಮೇಲೆ ತೆಂಗಿನ ಪ್ರೋಟೀನ್ ಜತೆ ಹೋಲಿಕೆ. ಪೈಥಾನ್ ಸ್ಕ್ರಿಪ್ಟ್ ಎರರ್ ಕೊಡುವುದಿಲ್ಲ, ಆದರೆ ಬರುವುದು 25 ಸಾಲು ಮಾತ್ರ. ಎಂತ ತಪ್ಪು?

ಕುಂಬಳೆ ಕರ್ಲ್: ತಪ್ಪೆಂತ ಇಲ್ಲ, ಅದು ಮೊದಲ ಪುಟ. ಏನೂ ಹೇಳದಿದ್ದರೆ ಒಂದು ಪುಟಕ್ಕೆ 25. 'ಸೈಜ್' ಕೊಟ್ಟರೆ 500ರವರೆಗೆ ಸಿಗ್ತದೆ, ಮುಂದಿನ ಪುಟದ ವಿಳಾಸ 'ಲಿಂಕ್' ಹೆಡರ್‌ನಲ್ಲಿ ಬರ್ತದೆ. ಪುಟ ಸಂಖ್ಯೆ ಕೂಡಿಸಿ ವಿಳಾಸ ಕಟ್ಟಲಿಕ್ಕೆ ಹೋಗಬೇಡಿ, ಅಲ್ಲಿ ಇರುವುದು ಕರ್ಸರ್, ಅಂದರೆ ಮುಂದಿನ ಪುಟ ಎಲ್ಲಿಂದ ಅಂತ ಸರ್ವರ್ ಕೊಡುವ ಗುರುತು. ಎಲ್ಲ ಒಟ್ಟಿಗೇ ಬೇಕಾದರೆ 'ಸ್ಟ್ರೀಮ್' ವಿಳಾಸ ಉಂಟು. ಮುಗಿದ ಮೇಲೆ 'ಫೇಲ್ಡ್‌ಐಡಿಸ್' (ಮ್ಯಾಪ್ ಆಗದ ಐಡಿಗಳ) ಪಟ್ಟಿ ನೋಡಲೇಬೇಕು. ಒಂದು ಐಡಿಗೆ ಎರಡು ಮೂರು ಯೂನಿಪ್ರಾಟ್ ಐಡಿ ಸಿಗುವುದೂ ಉಂಟು, ಹಾಗಾಗಿ ಸಾಲಿನ ಲೆಕ್ಕ ತಾಳೆಯಾಯ್ತು ಅಂದ ಮಾತ್ರಕ್ಕೆ ಎಲ್ಲ ಬಂತು ಅಂತ ಅಲ್ಲ.

ನೀರ್ಚಾಲ್ ನೋಡ್: ಇನ್ನೊಂದು ಗುಂಡಿ ಅಲ್ಲೇ ಉಂಟು. ಮ್ಯಾಪಿಂಗ್ ಮುಗಿದ ಕೂಡಲೇ 'ಸ್ಟೇಟಸ್' ವಿಳಾಸ 303 ಕೊಟ್ಟು ಫಲಿತಾಂಶದ ಕಡೆ ತಿರುಗಿಸ್ತದೆ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ ಕೇಳದೆಯೇ ಅದರ ಹಿಂದೆ ಹೋಗ್ತದೆ. ನೀವು 'ಫಿನಿಶ್ಡ್' ಎಂಬ ಪದಕ್ಕೆ ಕಾಯ್ತಾ ಕೂತರೆ ಅದು ಬರುವುದೇ ಇಲ್ಲ. 'ಜಾಬ್‌ಸ್ಟೇಟಸ್' ಇಲ್ಲದೆ 'ರಿಸಲ್ಟ್ಸ್' ಕಂಡರೂ ಮುಗಿಯಿತು ಅಂತಲೇ ಬರೆಯಿರಿ.

ಪೆರ್ಲದಣ್ಣ: ಇಷ್ಟೆಲ್ಲ ಯಾಕೆ ಮಾರಾಯ್ರೇ? ಫೈಲ್ ಇಳಿಸಿ, ಇಂಟರ್‌ಪ್ರೊಸ್ಕ್ಯಾನ್ ನಿಮ್ಮ ಮೆಷಿನ್‌ನಲ್ಲೇ ಓಡಿಸಿ. ಪರರ ಸರ್ವರ್ ನಂಬಿ ಪೈಪ್‌ಲೈನ್ ಕಟ್ಟುವುದು ಪಕ್ಕದ ಮನೆಯ ಪಂಪ್ ನಂಬಿ ತೋಟ ಮಾಡಿದ ಹಾಗೆ. ಎನ್‌ಸಿಬಿಐ 2015ರಲ್ಲಿ ಇ-ಯುಟಿಲಿಟೀಸ್‌ನ (ಪ್ರೋಗ್ರಾಂ ಮೂಲಕ ಡೇಟಾ ಕೇಳುವ ಸೌಲಭ್ಯ) ಸೋಪ್ ಎಂಬ ವಿಧಾನದ ಸರ್ವಿಸ್ ನಿಲ್ಲಿಸಿತು, ಅದನ್ನೇ ನೆಚ್ಚಿ ಬರೆದ ಪ್ರೋಗ್ರಾಂಗಳನ್ನು ತಿದ್ದಬೇಕಾಯ್ತು.

ನೀರ್ಚಾಲ್ ನೋಡ್: ಇಂಟರ್‌ಪ್ರೊಸ್ಕ್ಯಾನ್ 5 ಓಡುವುದು ಲಿನಕ್ಸ್‌ನಲ್ಲಿ ಮಾತ್ರ ಅಣ್ಣಾ, ಅದರ ಡೇಟಾ ಹೊರೆಯೂ ಸಣ್ಣದಲ್ಲ. ಹಾಗಂತ 6000ವನ್ನೂ ಇಬಿಐಗೆ ಕಳಿಸುವುದೂ ಸರಿಯಲ್ಲ. ಅವರ ನಿಯಮ ಒಂದು ಸಲಕ್ಕೆ 30 ಜಾಬ್, ಇಮೇಲ್ ಕಡ್ಡಾಯ, ಫಲಿತಾಂಶ ಏಳು ದಿನ ಇರ್ತದೆ.

ಕುಂಬಳೆ ಕರ್ಲ್: ಇಬ್ಬರೂ ನಿಲ್ಲಿಸಿ. ಯೂನಿಪ್ರಾಟ್‌ನಲ್ಲಿರುವ ಪ್ರೋಟೀನ್‌ಗೆ ಡೊಮೇನ್ ಯಾವುದು ಅಂತ ಇಂಟರ್‌ಪ್ರೊ ಸಂಗ್ರಹ ಮೊದಲೇ ಲೆಕ್ಕ ಹಾಕಿಟ್ಟಿದೆ. ಮ್ಯಾಪಿಂಗ್ ಫಲಿತಾಂಶ ಟಿಎಸ್‌ವಿ (ಟ್ಯಾಬ್‌ನಿಂದ ಬೇರ್ಪಡಿಸಿದ ಟೇಬಲ್) ರೂಪದಲ್ಲಿ ಕೇಳುವಾಗ 'ಫೀಲ್ಡ್ಸ್'ನಲ್ಲಿ 'ಎಕ್ಸ್‌ರೆಫ್_ಇಂಟರ್‌ಪ್ರೊ' ಸೇರಿಸಿ, ಡೊಮೇನ್ ಐಡಿ ಅದೇ ಸಾಲಿನಲ್ಲಿ ಬರ್ತದೆ. ಸ್ಕ್ಯಾನ್ ಬೇಕಾದ್ದು ಮ್ಯಾಪ್ ಆಗದೆ ಉಳಿದದ್ದಕ್ಕೆ ಮಾತ್ರ.

ಪೆರ್ಲದಣ್ಣ: ಅದು ಒಪ್ಪಿದೆ. ಆದರೆ ಉಳಿದದ್ದೇ ಸಾವಿರ ದಾಟಿದರೆ ನನ್ನ ಮಾತಿಗೇ ಬನ್ನಿ.

ಬೇಳದ ಬೈನರಿ: ತೆಂಗಿನದ್ದನ್ನು ಎನ್‌ಸಿಬಿಐಯಲ್ಲಿ ಇಂಗ್ಲಿಷಿನ 'ಕೊಕೊನಟ್' ಅಂತ ಹುಡುಕಿ, ರಾತ್ರಿ ಸ್ಕ್ರಿಪ್ಟ್ ಬಿಟ್ಟರೆ ಸಾಕಲ್ಲ?

ನೀರ್ಚಾಲ್ ನೋಡ್: ಎರಡೂ ಬೇಡ! ಆ ಹೆಸರಿಗೆ ಕುರುವಾಯಿ ದುಂಬಿಯೂ ತೆಂಗಿನ ರೋಗಾಣು ವೈರಾಯ್ಡೂ ಬಂದು ಸೇರ್ತವೆ. ತೆಂಗಿನ ಟ್ಯಾಕ್ಸಾನಮಿ (ಜೀವಿ ವರ್ಗೀಕರಣ) ಸಂಖ್ಯೆ 13894 ಕೊಟ್ಟು, ಆರ್ಗನಿಸಂ ಕ್ಷೇತ್ರಕ್ಕೆ ಮಾತ್ರ ಹುಡುಕಿ. ಇನ್ನು ರಾತ್ರಿ ವಿಷಯ. ದೊಡ್ಡ ಕೆಲಸಕ್ಕೆ ಎನ್‌ಸಿಬಿಐಯವರು ಹೇಳುವುದು ವಾರಾಂತ್ಯ, ಇಲ್ಲವೇ ಅಮೆರಿಕದ ಪೂರ್ವ ಭಾಗದ ರಾತ್ರಿ 9ರಿಂದ ಬೆಳಗ್ಗೆ 5. ಅಲ್ಲಿ ಬೇಸಿಗೆಯಾದರೆ ನಮಗದು ಬೆಳಗ್ಗೆ 6.30ರಿಂದ ಮಧ್ಯಾಹ್ನ 2.30, ಚಳಿಗಾಲದಲ್ಲಿ ಒಂದು ಗಂಟೆ ತಡ. ನಮ್ಮ ರಾತ್ರಿ ಅವರಿಗೆ ಆಫೀಸ್ ಹೊತ್ತು.

ಕುಂಬಳೆ ಕರ್ಲ್: ಎನ್‌ಸಿಬಿಐಯಲ್ಲಿ ಎಪಿಐ ಕೀ (ಬಳಕೆದಾರರ ಗುರುತಿನ ಸಂಕೇತ) ಇಲ್ಲದೆ ಸೆಕೆಂಡಿಗೆ 3 ಕೋರಿಕೆ, ಕೀ ಇದ್ದರೆ 10. ಒಂದೊಂದೇ ಐಡಿ ಕೇಳ್ತಾ ಹೋಗಬೇಡಿ. ಇಸರ್ಚ್‌ಗೆ (ಇ-ಯುಟಿಲಿಟೀಸ್‌ನ ಹುಡುಕುವ ಸಾಧನ) 'ಯೂಸ್‌ಹಿಸ್ಟರಿ' ಕೊಟ್ಟರೆ ಫಲಿತಾಂಶ ಸರ್ವರ್‌ನಲ್ಲೇ ಉಳಿಯುತ್ತದೆ, ಅದರ ಗುರುತಾಗಿ ಬಂದ ವೆಬ್‌ಎನ್ವ್ ಮತ್ತು ಕ್ವೆರಿಕೀ ಹಿಡಿದು ಇಫೆಚ್‌ನಲ್ಲಿ (ಡೇಟಾ ಇಳಿಸುವ ಸಾಧನ) 500ರ ಕಂತು ಮಾಡಿ. ಎಚ್‌ಟಿಟಿಪಿ 200 ಬಂದರೂ ಒಳಗೆ ಎರರ್ ಬರಹ ಇರಬಹುದು. ಹಾಗಾಗಿ ಪ್ರತಿ ಕಂತಿನಲ್ಲೂ '>' ಚಿಹ್ನೆ (ಫಾಸ್ಟಾ ರೂಪದಲ್ಲಿ ಒಂದೊಂದು ಪ್ರೋಟೀನ್ ಶುರುವಾಗುವುದು ಇದರಿಂದ) ಎಣಿಸಿ ನೋಡಿ, ಕಮ್ಮಿಯಾದರೆ ಆ ಕಂತು ಮಾತ್ರ ಪುನಃ ಕೇಳಿ.

ಪೆರ್ಲದಣ್ಣ: ಐಡಿಯ ಕೊನೆಯ '.1', '.2' (ಆವೃತ್ತಿ ಸಂಖ್ಯೆ) ತೆಗೆಯುವುದಾದರೆ ಎರಡೂ ಟೇಬಲ್‌ನಲ್ಲಿ ತೆಗೆಯಿರಿ, ಮೂಲ ಐಡಿಗೆ ಬೇರೆ ಕಾಲಂ ಇಡಿ. ಒಂದು ಕಡೆ ಮಾತ್ರ ತೆಗೆದರೆ ಜೋಡಣೆ ಪೂರ್ತಿ ಖಾಲಿ ಬರ್ತದೆ, ಆಗ ಬೈಗುಳ ಸಿಗುವುದು ಸರ್ವರ್‌ಗೆ.

ಬೇಳದ ಬೈನರಿ: 'ಸೈಜ್' 500 ಹಾಕಿ ನೋಡಿದೆ, ಪುಟಗಳು ಬರ್ತಾ ಉಂಟು. ಫೇಲ್ಡ್ ಪಟ್ಟಿಯಲ್ಲಿ 212. ಅಷ್ಟನ್ನೇ 30ರ ಹಾಗೆ ಇಬಿಐಗೆ ಕಳಿಸ್ತೇನೆ.