'ಸ್ಥಗಿತಗೊಂಡಿದೆ' ಮತ್ತು 'ಸ್ಥಗಿತಗೊಳಿಸಲಾಗಿದೆ': ಸೆನ್ಸಾರ್, ತಡೆ, ನಿಷೇಧಗಳ ಬಳಕೆ ಕುರಿತು ಒಂದು ಪ್ರಶ್ನೆ

ಮಾನ್ಯರೆ,

ಧಾರವಾಡದ ಕಾನೂನು ವಿದ್ಯಾರ್ಥಿಗಳಿಗಾಗಿ ಸಿದ್ಧವಾಗುತ್ತಿರುವ ಕಿರು ಕೈಪಿಡಿಯೊಂದರಲ್ಲಿ, ಪತ್ರಿಕೆ ಮತ್ತು ಇಂಟರ್ನೆಟ್ ಮೇಲಿನ ಸರ್ಕಾರದ ಹಿಡಿತವನ್ನು ಕುರಿತ ಅಧ್ಯಾಯವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಕರಡಿನ ಒಂದೇ ಪುಟದಲ್ಲಿ 'ನಿರ್ಬಂಧ' ಎಂಬ ಪದ ಒಂಬತ್ತು ಸಲ ಬಂದಿತ್ತು. ಅಚ್ಚಾಗುವ ಮುನ್ನ ಸುದ್ದಿಯನ್ನು ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಾದದ್ದೂ ನಿರ್ಬಂಧ, ಅಚ್ಚಾದ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳುವುದೂ ನಿರ್ಬಂಧ, ಜಾಲತಾಣವೊಂದು ನಮ್ಮ ದೇಶದಲ್ಲಿ ತೆರೆಯದಂತೆ ಮಾಡುವುದೂ ನಿರ್ಬಂಧ, ಇಡೀ ಜಿಲ್ಲೆಯ ಇಂಟರ್ನೆಟ್ ಕಡಿಯುವುದೂ ನಿರ್ಬಂಧ. ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಅವಕಾಶ ಕೊಡುವ ಸಂವಿಧಾನದ 19(2)ನೆಯ ವಿಧಿಯ ಚರ್ಚೆಯಲ್ಲಿ ಆ ಪದ ಆಗಲೇ ನೆಲೆಗೊಂಡಿರುವುದರಿಂದ, ಅದನ್ನು ಅಲ್ಲಿಗೇ ಬಿಟ್ಟು ಉಳಿದವುಗಳಿಗೆ ಬೇರೆ ಬೇರೆ ಪದಗಳನ್ನು ಗೊತ್ತುಮಾಡಿಕೊಳ್ಳಬೇಕೆಂದಿದ್ದೇನೆ.

ಅಚ್ಚಿಗೆ ಮುಂಚಿನ ತಪಾಸಣೆಗೆ 'ಸೆನ್ಸಾರ್' ಎಂದೇ ಬರೆಯುವುದು ಸರಿಯೆಂದು ನನಗೆ ತೋರುತ್ತದೆ. ಮರಾಠಿಯವರು 'ಪರಿನಿರೀಕ್ಷಣ' ಎಂಬ ಪದವನ್ನು ಕಟ್ಟಿಕೊಂಡಿದ್ದಾರೆ. ಆದರೆ ಅದನ್ನು ನಾವು ಎರವಲು ತಂದರೆ ಪರೀಕ್ಷೆಯ ಮೇಲ್ವಿಚಾರಣೆಯೆಂದು ಓದುವವರೇ ಹೆಚ್ಚಾದಾರು. ಚಲನಚಿತ್ರ ಮಂಡಳಿಯ ಹೆಸರಿನಲ್ಲಿ 1983ರಲ್ಲಿಯೇ ಸೆನ್ಸಾರ್ ಹೋಗಿ ಪ್ರಮಾಣೀಕರಣ ಬಂದರೂ ಜನರ ಬಾಯಲ್ಲಿ ಅದು ಇಂದಿಗೂ ಸೆನ್ಸಾರ್ ಮಂಡಳಿಯೇ. ಗದಗಿನ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು 1975ರ ತುರ್ತು ಪರಿಸ್ಥಿತಿಯ ದಿನಗಳ ಮಾತು ತೆಗೆದಾಗ, "ಪ್ರೂಫ್ ಸೆನ್ಸಾರಿಗೆ ಹೋಗೇತ್ರಿ, ಇನ್ನೂ ಹೊಳ್ಳಿ ಬಂದಿಲ್ಲ ಅಂತ ರಾತ್ರಿ ಎಲ್ಲಾ ಕುಂತಿರ್ತಿದ್ವಿ" ಎಂದರು. ಹೋಗುವುದು, ಹೊಳ್ಳಿ ಬರುವುದು, ನಡುವೆ ಕಾಯುವುದು: ಪದದ ಅರ್ಥವೆಲ್ಲ ಅವರ ಆ ಒಂದು ವಾಕ್ಯದಲ್ಲಿಯೇ ಇದೆ. ಆದುದರಿಂದಲೇ 'ನರಬಲಿ' ಕವನಕ್ಕಾಗಿ ಬೇಂದ್ರೆಯವರು ಸೆರೆವಾಸ ಅನುಭವಿಸಿದ್ದನ್ನು ಸೆನ್ಸಾರ್ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಅದು ಬರೆದದ್ದಕ್ಕೆ ಆಮೇಲೆ ವಿಧಿಸಿದ ಶಿಕ್ಷೆ.

'ನಿಷೇಧ' ಮತ್ತು 'ತಡೆ'ಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳ ಮೇಲೆ ಬಂದ ಆದೇಶವನ್ನು ಪತ್ರಿಕೆಗಳು ನಿಷೇಧವೆಂದೇ ಬರೆದವು; ಆದರೆ ಅದಕ್ಕೆ ಆಧಾರವಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮು ಹೇಳುವುದು ಸಾರ್ವಜನಿಕರಿಗೆ ಸಿಗದಂತೆ ತಡೆಯುವುದನ್ನು ಮಾತ್ರ. ತಡೆದ ಪುಟ ಅಳಿದಿರುವುದಿಲ್ಲ, ಗಡಿಯ ಆಚೆ ಅದು ತೆರೆದೇ ಇರಬಹುದು. 'ತೆಗೆದುಹಾಕು' ಎಂಬುದು ಇಲ್ಲಿ ಇನ್ನೂ ತಪ್ಪು.

ನನ್ನ ನಿಜವಾದ ತೊಡಕು ಇರುವುದು 'ಸ್ಥಗಿತ'ದಲ್ಲಿ. ಕಳೆದ ತಿಂಗಳು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮೆಂತ್ಯೆ ಸೊಪ್ಪು ಕೊಂಡು ಫೋನಿನಿಂದ ಹಣ ಕಳಿಸಲು ಹೋದರೆ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇತ್ತು. "ನೆಟ್ ಬಂದ್ ಆಗೇತ್ರಿ" ಎಂದಳು ಮಾರುವಾಕೆ. ಪಕ್ಕದಲ್ಲಿದ್ದವರು ಕೂಡಲೇ ಕೇಳಿದರು: "ಬಂದ್ ಆಗೇತೋ, ಬಂದ್ ಮಾಡ್ಯಾರೋ?" ಅಂದು ಆದದ್ದು ಬರಿಯ ನೆಟ್‌ವರ್ಕ್ ತೊಂದರೆ, ಹತ್ತು ನಿಮಿಷಕ್ಕೆ ಸರಿಹೋಯಿತು. ಆದರೆ ಆ ಪ್ರಶ್ನೆ ನನ್ನ ಕರಡಿಗೆ ಸರಿಯಾಗಿ ತಾಗಿತು, ಏಕೆಂದರೆ ಸರ್ಕಾರವೇ ಇಂಟರ್ನೆಟ್ ಕಡಿದ ಪ್ರಸಂಗವನ್ನು ನಾನು 'ಸೇವೆ ಸ್ಥಗಿತಗೊಂಡಿತು' ಎಂದು ಬರೆದಿದ್ದೆ. 'ಗೊಳ್ಳು' ಹಚ್ಚಿದ ಕೂಡಲೇ ಕೆಲಸ ತಾನಾಗಿ ಆದಂತೆ ಕೇಳಿಸುತ್ತದೆ: ಮಳೆಗೆ ರಸ್ತೆ ಬಂದಾದಂತೆ, ಯಂತ್ರ ಕೆಟ್ಟು ನಿಂತಂತೆ. 'ಸ್ಥಗಿತಗೊಳಿಸಲಾಯಿತು' ಎಂದರೆ ಮಾಡಿದವರು ಇದ್ದಾರೆಂದಾದರೂ ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಇದು ಚಿಕ್ಕ ಮಾತಲ್ಲ. ದೂರಸಂಪರ್ಕ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವುದನ್ನು ಕುರಿತ 2017ರ ನಿಯಮಗಳ ಪ್ರಕಾರ ಇಂತಹ ಆದೇಶವನ್ನು ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯೇ ಹೊರಡಿಸಬೇಕಾಗಿತ್ತು. ಕಾಶ್ಮೀರದಲ್ಲಿ 2019ರ ಆಗಸ್ಟಿನಿಂದ ಇಂಟರ್ನೆಟ್ ಕಡಿದಿದ್ದ ಪ್ರಕರಣದಲ್ಲಿ, ಅಂದರೆ ಪತ್ರಕರ್ತೆ ಅನುರಾಧಾ ಭಸೀನ್ ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು 2020ರ ಜನವರಿ 10ರಂದು ಆದೇಶಗಳನ್ನು ಪ್ರಕಟಿಸಲೇಬೇಕೆಂದು ಹೇಳಿತು. ಪ್ರಕಟಿಸದ ಆದೇಶವನ್ನು ಯಾರೂ ಕೋರ್ಟಿನಲ್ಲಿ ಪ್ರಶ್ನಿಸಲಾರರು. ಕಾನೂನೇ ಸಹಿ ಮಾಡಿದವರು ಯಾರೆಂದು ಕೇಳುತ್ತಿರುವಾಗ, ಅದನ್ನು ಕಲಿಸುವ ಪುಸ್ತಕದ ವಾಕ್ಯ ಕರ್ತೃವನ್ನು ನುಂಗಿಬಿಟ್ಟರೆ ಹೇಗೆ? (ಆ ನಿಯಮಗಳ ಇಂಗ್ಲಿಷ್ ಹೆಸರಿನಲ್ಲಿರುವ 'ಟೆಂಪರರಿ ಸಸ್ಪೆನ್ಷನ್' ಎಂಬುದಕ್ಕೆ ಗೆಳೆಯರೊಬ್ಬರು 'ತಾತ್ಕಾಲಿಕ ಅಮಾನತು' ಎಂದು ಸೂಚಿಸಿದರು. ಲಂಚ ತಿಂದು ಸಿಕ್ಕಿಬಿದ್ದ ಗುಮಾಸ್ತನ ಸಾಲಿಗೆ ಇಂಟರ್ನೆಟ್ಟನ್ನು ಸೇರಿಸಲು ನನಗೆ ಮನಸ್ಸಾಗಲಿಲ್ಲ.)

ಸದ್ಯಕ್ಕೆ 'ಸರ್ಕಾರ ಇಂಟರ್ನೆಟ್ ಸೇವೆಯನ್ನು ನಿಲ್ಲಿಸಿತು' ಎಂದು ತಿದ್ದಿದ್ದೇನೆ. ವಾಕ್ಯದಲ್ಲಿ ಇದು ಒಪ್ಪುತ್ತದೆ. ಅಧ್ಯಾಯದ ತಲೆಬರಹಕ್ಕೆ ಮಾತ್ರ ನಾಮಪದವೇ ಬೇಕು. 'ನಿಲುಗಡೆ' ಬಸ್ಸಿನದಾಯಿತು, 'ಕಡಿತ' ಎಂದರೆ ವಿದ್ಯುತ್ತೋ ಸಂಬಳವೋ ನೆನಪಾಗುತ್ತದೆ, 'ಬಂದ್' ಎಂದರೆ ಸಂಘಟನೆಗಳು ಕರೆಕೊಟ್ಟದ್ದೆಂದು ತಿಳಿದಾರು. ದುರ್ಗದಬೈಲಿನ 'ಮಾಡ್ಯಾರ' ಎಂಬುದರಲ್ಲಿರುವ ಕರ್ತೃವನ್ನು ಉಳಿಸಿಕೊಳ್ಳುವ, ಆದರೆ ಗ್ರಂಥಭಾಷೆಗೂ ಹೊಂದುವ ನಾಮಪದವೊಂದು ನಿಮ್ಮ ಬಳಕೆಯಲ್ಲಿದ್ದರೆ ಪ್ರಯೋಗದ ವಾಕ್ಯದೊಂದಿಗೆ ತಿಳಿಸಬೇಕಾಗಿ ವಿನಂತಿ. ಹಾವೇರಿ, ಗದಗ ಕಡೆಯ ಕಚೇರಿ ಕಾಗದಗಳಲ್ಲಿ ಕಂಡ ಹಳೆಯ ಪದವಾದರೂ ಆದೀತು.